ಏಳು ಕಂಪ್ಯೂಟರು, ಒಂದು ನೋಟಿಸು: ಕಲಬುರಗಿಯ ಪ್ರೆಸ್ಸೊಂದು ಮುಕ್ತ ತಂತ್ರಾಂಶಕ್ಕೆ ಹೊರಳಿದ ಪ್ರಕರಣ

ಕಲಬುರಗಿಯ ಸೂಪರ್ ಮಾರ್ಕೆಟ್ ಆಸುಪಾಸಿನ ಗಲ್ಲಿಗಳಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಶಾಲೆಗಳ ಪ್ರಗತಿ ಪತ್ರ ಅಚ್ಚು ಹಾಕಿಕೊಡುವ ಸಣ್ಣ ಪ್ರೆಸ್ಸುಗಳು ಬಹಳ. ಇದು ಅಂಥದೊಂದು ಪ್ರೆಸ್ಸು ಕಳ್ಳ ಪ್ರತಿಗಳನ್ನು ಬಿಟ್ಟು ಮುಕ್ತ ತಂತ್ರಾಂಶಕ್ಕೆ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶಕ್ಕೆ, ಹೊರಳಿದ ಪ್ರಕರಣ. ಒಂದು ಮಿನಿ ಆಫ್‌ಸೆಟ್ ಯಂತ್ರ, ಏಳು ಕಂಪ್ಯೂಟರು, ನಾಲ್ವರು ಡಿಟಿಪಿ ಆಪರೇಟರುಗಳು. ಬಣ್ಣದ ಕೆಲಸವಿದ್ದರೆ ಪ್ಲೇಟು ಸೊಲ್ಲಾಪುರದಲ್ಲೋ ಹೈದರಾಬಾದಿನಲ್ಲೋ ಆಗಿ ಬರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ಅದಾಗಿ ಕೆಲವು ವಾರಕ್ಕೆ ಪ್ರೆಸ್ಸಿನ ಇಮೇಲಿಗೆ ವಕೀಲರ ನೋಟಿಸೊಂದು ಬಂತು. ಚಿತ್ರ ಬಿಡಿಸುವ ತಂತ್ರಾಂಶವೊಂದರ ಕಂಪನಿಯ ಪರವಾಗಿ ಬರೆದದ್ದು. ನಿಮ್ಮಲ್ಲಿ ಮೂರು ಯಂತ್ರಗಳಲ್ಲಿ ನಮ್ಮ ತಂತ್ರಾಂಶ ಪರವಾನಗಿ ಇಲ್ಲದೆ ಓಡುತ್ತಿದೆ, 15 ದಿನದೊಳಗೆ ಎಲ್ಲ ಯಂತ್ರಗಳ ವಿವರ ಕೊಡಿ ಎಂಬುದು ಸಾರ. ಜೊತೆಗೆ ಮೂರು ನೆಟ್‌ವರ್ಕ್ ಕಾರ್ಡುಗಳ ಸಂಖ್ಯೆ ಮತ್ತು ಬಳಸಿದ ದಿನಾಂಕಗಳ ಪಟ್ಟಿ.

ಕ್ರ್ಯಾಕ್ ಮಾಡಿದ, ಅಂದರೆ ಪರವಾನಗಿಯ ಬೀಗ ಮುರಿದ ತಂತ್ರಾಂಶ ಇಂಟರ್ನೆಟ್ ಇರುವ ಯಂತ್ರದಲ್ಲಿ ಓಡಿದರೆ ಅದು ತಾನಾಗಿಯೇ ತಯಾರಕರ ಸರ್ವರಿಗೆ ಸುದ್ದಿ ಕಳಿಸುವುದುಂಟು. ಆ ಸುದ್ದಿಯಲ್ಲಿ ಯಂತ್ರದ ಗುರುತು, ಐಪಿ ವಿಳಾಸ, ಕೆಲವೊಮ್ಮೆ ಯಂತ್ರಕ್ಕೆ ಇಟ್ಟ ಹೆಸರೂ ಇರುತ್ತದೆ. ಪ್ರೆಸ್ಸಿನವರು ಕಂಪ್ಯೂಟರುಗಳಿಗೆ ತಮ್ಮ ಪ್ರೆಸ್ಸಿನ ಹೆಸರನ್ನೇ ಇಟ್ಟಿದ್ದರು.

ನೋಟಿಸು ಓದಿದ ಮಾಲೀಕರ ಮೊದಲ ಮಾತು, ‘ಎಲ್ಲಾರೂ ಹಿಂಗೇ ಹಾಕ್ಕೊಂಡಾರಲ್ರೀ, ನಮಗಷ್ಟೇ ಯಾಕ?’ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗ ಕೊಟ್ಟ ಸಲಹೆ ಇನ್ನೊಂದು: ‘ಎಲ್ಲಾ ಫಾರ್ಮ್ಯಾಟ್ ಹೊಡದು ಬಿಡೂಣ ಸಾವ್ಕಾರ್ರೆ, ಏನೂ ಉಳಿಯಂಗಿಲ್ಲ.’ ಈ ಎರಡನೆಯ ಮಾತು ಕೇಳಿದ್ದರೆ ಪ್ರಕರಣ ಹಾಳಾಗುತ್ತಿತ್ತು. ನೋಟಿಸು ಕೈಗೆ ಬಂದ ಮೇಲೆ ಡಿಸ್ಕು ಅಳಿಸುವುದು ಸಾಕ್ಷ್ಯ ನಾಶಕ್ಕೆ ಸಮ. ನ್ಯಾಯಾಲಯದಲ್ಲಿ ಹಾಜರುಪಡಿಸಬೇಕಾಗಿ ಬರುವ ವಿದ್ಯುನ್ಮಾನ ದಾಖಲೆಯನ್ನು ಅದು ಸಿಗದಿರಲಿ ಎಂದು ನಾಶ ಮಾಡುವುದನ್ನು ಭಾರತೀಯ ನ್ಯಾಯ ಸಂಹಿತೆಯ ಕಲಂ 241 ಬೇರೆಯೇ ಅಪರಾಧವಾಗಿ ನೋಡುತ್ತದೆ. ಒಂದು ತಪ್ಪಿನ ಜಾಗದಲ್ಲಿ ಎರಡಾಗುತ್ತವೆ. ಇನ್ನು ಸರ್ವರಿನಲ್ಲಿರುವ ದಾಖಲೆ ಅವರ ಬಳಿಯೇ ಇರುತ್ತದೆ, ಇಲ್ಲಿ ಅಳಿಸಿದರೆ ಅಲ್ಲಿ ಅಳಿಯುವುದಿಲ್ಲ.

ಕಾಯ್ದೆ ಹೇಳುವುದೇನು

ಕಂಪ್ಯೂಟರ್ ಪ್ರೋಗ್ರಾಮು ಭಾರತದಲ್ಲಿ ಕೃತಿಸ್ವಾಮ್ಯ ಕಾಯ್ದೆ, 1957ರ ಕೆಳಗೆ ಸಾಹಿತ್ಯ ಕೃತಿ. ಕಥೆ, ಕಾದಂಬರಿ ಯಾವ ಪಂಕ್ತಿಯಲ್ಲಿ ಕೂತಿವೆಯೋ ಅದೇ ಪಂಕ್ತಿ. ಉಲ್ಲಂಘನೆಗೆ ಸಾಮಾನ್ಯವಾಗಿ ಅನ್ವಯಿಸುವುದು ಕಲಂ 63: ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಸೆರೆ, ದಂಡ 50 ಸಾವಿರದಿಂದ 2 ಲಕ್ಷ ರೂಪಾಯಿ. ಕಲಂ 63ಬಿ ತಂತ್ರಾಂಶ ಬಳಸುವವರಿಗೆಂದೇ 1994ರ ತಿದ್ದುಪಡಿಯಲ್ಲಿ ಸೇರಿದ್ದು. ಕಳ್ಳ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಕನಿಷ್ಠ 7 ದಿನ, ಗರಿಷ್ಠ 3 ವರ್ಷ ಸೆರೆ, ದಂಡ ಅದೇ 50 ಸಾವಿರದಿಂದ 2 ಲಕ್ಷ. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸದಿದ್ದರೆ ನ್ಯಾಯಾಲಯ ಕಾರಣ ಬರೆದು ಸೆರೆ ಬಿಟ್ಟು, 50 ಸಾವಿರದವರೆಗಿನ ದಂಡವನ್ನಷ್ಟೇ ಹಾಕಬಹುದು. ಪ್ರೆಸ್ಸಿಗೆ ಈ ರಿಯಾಯಿತಿ ಸಿಗುವುದಿಲ್ಲ, ಅದು ಮಾಡುವುದೇ ವ್ಯಾಪಾರ.

63ಬಿಯಲ್ಲಿ ‘ಗೊತ್ತಿದ್ದೂ’ ಎಂಬ ಶಬ್ದದ ಮೇಲೆ ಎಷ್ಟೋ ಅಂಗಡಿಯವರು ಭಾರ ಹಾಕುತ್ತಾರೆ. ಹುಡುಗ ಹಾಕಿಕೊಟ್ಟ, ನಮಗೇನು ಗೊತ್ತು ಎಂಬ ವಾದ ನೋಟಿಸು ಬರುವವರೆಗೆ ಒಂದಿಷ್ಟು ನಿಂತೀತು. ನೋಟಿಸಿನ ಮರುದಿನದಿಂದ ಅದು ನಿಲ್ಲದು. ಹಾಗಾಗಿ ಆ ಮೂರು ಯಂತ್ರಗಳಲ್ಲಿ ತಂತ್ರಾಂಶವನ್ನು ತೆರೆಯುವುದನ್ನೇ ಅಂದೇ ನಿಲ್ಲಿಸಬೇಕಿತ್ತು. ಪ್ರೆಸ್ಸಿನವರು ನಿಲ್ಲಿಸಿದ್ದು ನಾಲ್ಕನೆಯ ದಿನ, ಕೈಯಲ್ಲಿದ್ದ ಲಗ್ನಪತ್ರಿಕೆಗಳು ಮುಗಿದ ಮೇಲೆ. ಇದು ಇಡೀ ಪ್ರಕರಣದಲ್ಲಿ ಅವರು ಮಾಡಿದ ದೊಡ್ಡ ತಪ್ಪು.

ಕಲಂ 64ರ ಪ್ರಕಾರ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ ವಾರಂಟು ಇಲ್ಲದೆ ಕಳ್ಳ ಪ್ರತಿಗಳನ್ನು ವಶಪಡಿಸಿಕೊಳ್ಳಬಹುದು. ಪ್ರತಿ ಕೂತಿರುವುದು ಹಾರ್ಡ್ ಡಿಸ್ಕಿನಲ್ಲಿ, ಆದ್ದರಿಂದ ಯಂತ್ರವೇ ಹೋಗುತ್ತದೆ, ಯಂತ್ರದೊಳಗಿನ ಗಿರಾಕಿಗಳ ಕೆಲಸವೂ ಹೋಗುತ್ತದೆ. 2022ರ ಮೇ 20ರಂದು ಸುಪ್ರೀಂ ಕೋರ್ಟ್ ನಿಟ್ ಪ್ರೊ ಪ್ರಕರಣದಲ್ಲಿ ಕಲಂ 63ರ ಅಪರಾಧ ಸಂಜ್ಞೇಯ (ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದದ್ದು) ಮತ್ತು ಜಾಮೀನುರಹಿತ ಎಂದು ತೀರ್ಪು ಕೊಟ್ಟ ಮೇಲೆ ಇದರ ತೂಕ ಹೆಚ್ಚಿದೆ. ಆದರೂ ದೊಡ್ಡ ಕಂಪನಿಗಳು ಬಹುಪಾಲು ಸಿವಿಲ್ ದಾರಿಯಲ್ಲೇ ಹೋಗುತ್ತವೆ: ತಡೆಯಾಜ್ಞೆ, ನಷ್ಟಭರ್ತಿ, ಯಂತ್ರ ಪರಿಶೀಲನೆಗೆ ಕೋರ್ಟ್ ಕಮಿಷನರ್. ಪ್ರೆಸ್ಸಿನ ವಕೀಲರು ಮೊದಲು ಮಾಡಿದ್ದು ನೋಟಿಸು ಅಸಲಿಯೇ ಎಂದು ನೋಡಿದ್ದು. ಇಂಥ ನೋಟಿಸಿನ ಹೆಸರಲ್ಲಿ ಹಣ ಕೀಳುವವರೂ ಇದ್ದಾರೆ. ನೋಟಿಸಿನಲ್ಲಿದ್ದ ಫೋನ್ ನಂಬರನ್ನು ಬಿಟ್ಟು, ಕಂಪನಿಯ ಅಧಿಕೃತ ಜಾಲತಾಣದ ಮೂಲಕ ವಿಚಾರಿಸಿ, ವಕೀಲರಿಗೆ ಅಧಿಕಾರ ಕೊಟ್ಟಿದೆಯೇ ಎಂದು ಬರಹದಲ್ಲಿ ಕೇಳಿದರು. ಅಸಲಿಯೇ ಆಗಿತ್ತು. ಉತ್ತರದಲ್ಲಿ ತಪ್ಪೊಪ್ಪಿಗೆಯನ್ನೂ ಬರೆಯಲಿಲ್ಲ, ನಿರಾಕರಣೆಯನ್ನೂ ಬರೆಯಲಿಲ್ಲ. ಒಳಗಿನ ಲೆಕ್ಕ ನಡೆದಿದೆ, 30 ದಿನ ಕೊಡಿ ಎಂದಷ್ಟೇ ಬರೆದರು. ಕಾಲಾವಕಾಶ ಸಿಕ್ಕಿತು.

ಏಳು ಯಂತ್ರ, ಏಳು ಪುಟ

ಲೆಕ್ಕಕ್ಕೆ ಇನ್ನೂರು ಪುಟದ ನೋಟ್ ಬುಕ್ ಸಾಕಾಯಿತು. ಯಂತ್ರಕ್ಕೊಂದು ಪುಟ: ಯಾವಾಗ, ಯಾರಿಂದ ಕೊಂಡದ್ದು, ಬಿಲ್ಲಿನಲ್ಲಿ ಏನಿದೆ, ಒಳಗೆ ಯಾವ ಕಾರ್ಯಾಚರಣಾ ವ್ಯವಸ್ಥೆ, ಯಾವ ಯಾವ ತಂತ್ರಾಂಶ, ಯಾವ ಫಾಂಟು, ಪ್ರತಿಯೊಂದಕ್ಕೂ ಪುರಾವೆ ಏನು. ನೋಟಿಸು ಒಂದೇ ತಂತ್ರಾಂಶದ ಬಗ್ಗೆ ಬಂದಿದ್ದರೂ ಲೆಕ್ಕ ಎಲ್ಲದಕ್ಕೂ ಹಾಕಿದರು, ಅದು ಸರಿ. ಒಂದು ತೂತು ಮುಚ್ಚಿ ಉಳಿದ ಆರನ್ನು ಬಿಟ್ಟರೆ ಮುಂದಿನ ವರ್ಷ ಇನ್ನೊಂದು ಕಂಪನಿಯ ನೋಟಿಸು ಬರುತ್ತದೆ.

ಏಳರಲ್ಲಿ ಮೂರು ಕಂಪನಿ ಯಂತ್ರಗಳು, ನಾಲ್ಕು ಇಲ್ಲೇ ಜೋಡಿಸಿದ್ದು. ಜೋಡಿಸಿದ ನಾಲ್ಕಕ್ಕೆ ವಿಂಡೋಸ್ ಪರವಾನಗಿ ಇರಲೇ ಇಲ್ಲ. ಕಂಪನಿ ಯಂತ್ರಗಳಲ್ಲಿ ಒಂದರ ಬಿಲ್ಲಿನಲ್ಲಿ ‘ಡಾಸ್’ ಎಂದು ಬರೆದಿತ್ತು. ನಮ್ಮ ಕಡೆ ಕಡಿಮೆ ಬೆಲೆಗೆ ಸಿಗುವ ಲ್ಯಾಪ್‌ಟಾಪು, ಡೆಸ್ಕ್‌ಟಾಪುಗಳ ಬಿಲ್ಲಿನಲ್ಲಿ ಈ ಶಬ್ದ ಇದ್ದರೆ ವಿಂಡೋಸ್ ಬಂದಿಲ್ಲ ಎಂದೇ ಅರ್ಥ, ಅಂಗಡಿಯವರು ತೋರಿಸುವಾಗ ಪರದೆಯ ಮೇಲೆ ವಿಂಡೋಸ್ ಕಂಡರೂ ಅಷ್ಟೇ. ಉಳಿದ ಎರಡರ ಕಥೆ ಇನ್ನೂ ಬೇಸರದ್ದು. ಅವೆರಡಕ್ಕೂ ಅಸಲಿ ವಿಂಡೋಸ್ ಹೋಮ್ ಪರವಾನಗಿ ಇತ್ತು. ವಿಂಡೋಸ್ 8ರ ಕಾಲದಿಂದ ಕಂಪನಿ ಯಂತ್ರಗಳಲ್ಲಿ ಪರವಾನಗಿಯ ಕೀಲಿಯನ್ನು ಮದರ್‌ಬೋರ್ಡಿನ ಚಿಪ್ಪಿನಲ್ಲೇ ಬರೆದಿರುತ್ತಾರೆ. ರಿಪೇರಿಗೆ ಹೋದಾಗ ಅದನ್ನು ನೋಡದೆ ‘ಪ್ರೊ’ ಆವೃತ್ತಿಯ ಕಳ್ಳ ಪ್ರತಿ ಹಾಕಿ, ಪರವಾನಗಿ ಇಲ್ಲದೆಯೂ ಅದನ್ನು ಸಕ್ರಿಯವೆಂದು ತೋರಿಸುವ ಆಕ್ಟಿವೇಟರ್ ಓಡಿಸಿ ಕೊಟ್ಟಿದ್ದರು. ಹಣ ಕೊಟ್ಟು ಕೊಂಡದ್ದರ ಮೇಲೆ ಕಳ್ಳ ಮಾಲು ಹೊದಿಸಿದ ಹಾಗೆ. ಹೋಮ್ ಆವೃತ್ತಿಯನ್ನೇ ಹೊಸದಾಗಿ ಹಾಕಿದರೆ ಅದು ಚಿಪ್ಪಿನ ಕೀಲಿಯನ್ನು ಓದಿ ತಾನೇ ಸಕ್ರಿಯವಾಗುತ್ತದೆ, ಪೈಸೆ ಖರ್ಚಿಲ್ಲ.

ಆಕ್ಟಿವೇಟರುಗಳ ಬಗ್ಗೆ ಒಂದು ಮಾತು. ಅವು ಕೆಲಸ ಮಾಡಬೇಕಾದರೆ ವಿಂಡೋಸಿನ ವೈರಸ್ ಕಾವಲನ್ನು ಆಫ್ ಮಾಡಿಸುತ್ತವೆ, ಇಲ್ಲವೇ ಒಂದು ಫೋಲ್ಡರನ್ನು ಕಾವಲಿನಿಂದ ಹೊರಗಿಡುತ್ತವೆ. ಪರೀಕ್ಷೆಗೆ ಮುಂಚೆ ಶಾಲೆಗಳ ಪ್ರಶ್ನೆಪತ್ರಿಕೆ ಕೂತಿರುವುದು ಅದೇ ಯಂತ್ರದಲ್ಲಿ. ಕಾಯ್ದೆಯ ಮಾತು ಬದಿಗಿಟ್ಟರೂ ಇದೊಂದೇ ಕಾರಣ ಸಾಕು. ಹಾಗೆಯೇ ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಕೀಲಿಗಳು. ಕೀಲಿ ಹಾಕಿದರೆ ಸಕ್ರಿಯವಾಗುತ್ತದೆ, ಆದರೆ ಸಕ್ರಿಯವಾದ ಮಾತ್ರಕ್ಕೆ ಪರವಾನಗಿ ಬಂದ ಹಾಗಾಗಲಿಲ್ಲ. ಲೆಕ್ಕಕ್ಕೆ ಬರುವುದು ಜಿಎಸ್‌ಟಿ ಬಿಲ್ಲು ಮತ್ತು ಪರವಾನಗಿ ಪತ್ರ.

ಇದರ ಮೇಲೆ ಪುಟ ಕಟ್ಟುವ ಪೇಜ್‌ಮೇಕರ್ ಎಲ್ಲ ಯಂತ್ರಗಳಲ್ಲೂ, ಫೋಟೋಶಾಪ್ ನಾಲ್ಕರಲ್ಲಿ, ನೋಟಿಸಿನ ತಂತ್ರಾಂಶ ಮೂರಲ್ಲ, ಐದರಲ್ಲಿ. ಫಾಂಟುಗಳ ಪುಟ ಬರೆಯುವಾಗ ಶ್ರೀಲಿಪಿ ಎಂಬ ಮಾರಾಟದ ತಂತ್ರಾಂಶದ ಫಾಂಟುಗಳೂ ಬೇರೆ ಯಾರಿಂದಲೋ ನಕಲಾಗಿ ಬಂದದ್ದು ಗೊತ್ತಾಯಿತು. ಫಾಂಟಿಗೂ ಪರವಾನಗಿ ಇರುತ್ತದೆ ಎಂಬುದು ಪ್ರೆಸ್ಸುಗಳಲ್ಲಿ ಕೊನೆಗೆ ನೆನಪಾಗುವ ಸಂಗತಿ. ಕನ್ನಡ ಟೈಪಿಸುವ ನುಡಿ ತಂತ್ರಾಂಶ ಮಾತ್ರ ಉಚಿತವಾಗಿಯೇ ಸಿಗುವಂಥದು, ಅದಕ್ಕೆ ತಕರಾರಿಲ್ಲ.

ತೀರ್ಮಾನ ಹೀಗಾಯಿತು. ಅಸಲಿ ಪರವಾನಗಿ ಇರುವ ಎರಡು ಯಂತ್ರಗಳು ವಿಂಡೋಸಿನಲ್ಲೇ ಉಳಿಯಲಿ. ಒಂದರಲ್ಲಿ ಲೆಕ್ಕಪತ್ರ ಮತ್ತು ಜಿಎಸ್‌ಟಿ, ಇನ್ನೊಂದರಲ್ಲಿ ಹಣ ಕೊಟ್ಟು ಕೊಂಡ ಒಂದೇ ಒಂದು ಡ್ರಾಯಿಂಗ್ ಪರವಾನಗಿ. ಉಳಿದ ಐದಕ್ಕೆ ಲಿನಕ್ಸ್, ಅಂದರೆ ವಿಂಡೋಸಿನ ಜಾಗದಲ್ಲಿ ಕೂರುವ ಮುಕ್ತ ಕಾರ್ಯಾಚರಣಾ ವ್ಯವಸ್ಥೆ. ಏಳಕ್ಕೆ ಏಳೂ ಲಿನಕ್ಸ್ ಆಗಲಿ ಎಂಬ ಹಟ ಹಿಡಿಯದೆ ಇದ್ದದ್ದು ಒಳ್ಳೆಯದಾಯಿತು. ಗಿರಾಕಿಗಳು ತರುವ ಡಿಸೈನು ಫೈಲುಗಳಲ್ಲಿ ಕೆಲವು ಆ ತಂತ್ರಾಂಶದಲ್ಲಷ್ಟೇ ಸರಿಯಾಗಿ ತೆರೆಯುತ್ತವೆ, ಅದನ್ನು ಇಲ್ಲವೆನ್ನಲಾಗದು.

ಡಿಸ್ಕು ಬದಲಿ, ಯಂತ್ರ ಅದೇ

ಐದು ಯಂತ್ರಗಳು ನಾಲ್ಕನೆಯ ತಲೆಮಾರಿನ ಕೋರ್ ಐ3. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರು ಮತ್ತು ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. ಅಂದರೆ ಹಣ ಕೊಟ್ಟು ಪರವಾನಗಿ ಕೊಂಡರೂ ಈ ಯಂತ್ರಗಳಿಗೆ ಅದು ಬರುವುದಿಲ್ಲ. ವಿಂಡೋಸ್ ಉಳಿದ ಎರಡರಲ್ಲಿ ಒಂದು ಯಂತ್ರವೂ ಮೊದಲು 11ಕ್ಕೆ ಅರ್ಹವಲ್ಲ ಎಂದೇ ತೋರಿಸಿತು. ಬಯಾಸ್ (ಯಂತ್ರ ಏಳುವಾಗಿನ ಮೂಲ ಸೆಟ್ಟಿಂಗು) ಒಳಗೆ ಹೋಗಿ ಇಂಟೆಲ್ ಪಿಟಿಟಿ ಎಂಬ ಟಿಪಿಎಂ ಸೌಲಭ್ಯವನ್ನು ಆನ್ ಮಾಡಿದ ಮೇಲೆ ಸರಿಹೋಯಿತು.

ಹಳೆಯ ಹಾರ್ಡ್ ಡಿಸ್ಕುಗಳನ್ನು ಫಾರ್ಮ್ಯಾಟ್ ಮಾಡಲಿಲ್ಲ. ಐದನ್ನೂ ಬಿಚ್ಚಿ, ಯಂತ್ರದ ಸಂಖ್ಯೆ ಮತ್ತು ದಿನಾಂಕದ ಚೀಟಿ ಅಂಟಿಸಿ, ಕವರಿನಲ್ಲಿ ಹಾಕಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅವುಗಳ ಜಾಗಕ್ಕೆ 256 ಜಿಬಿಯ ಹೊಸ ಎಸ್‌ಎಸ್‌ಡಿ, ರ‍್ಯಾಮ್ 4ರಿಂದ 8 ಜಿಬಿ. ನೋಟಿಸಿನ ವಿಷಯ ಬಗೆಹರಿಯುವವರೆಗೆ ಹಳೆಯ ಡಿಸ್ಕಿನಿಂದ ಯಂತ್ರ ಎಬ್ಬಿಸುವಂತಿಲ್ಲ ಎಂಬುದು ಕಟ್ಟಪ್ಪಣೆ. ಪ್ರೆಸ್ಸಿನ ಸ್ವಂತ ಫೈಲುಗಳನ್ನು ಮಾತ್ರ ಯುಎಸ್‌ಬಿ ಡಾಕಿನಲ್ಲಿ ಡಿಸ್ಕು ಸಿಕ್ಕಿಸಿ, ಲಿನಕ್ಸಿನಲ್ಲಿ ಓದಲಷ್ಟೇ ಬರುವಂತೆ ತೆರೆದು ನಕಲು ಮಾಡಿಕೊಂಡರು. ಸಾಕ್ಷ್ಯವೂ ಕೆಡಲಿಲ್ಲ, ಕೆಲಸವೂ ನಿಲ್ಲಲಿಲ್ಲ. ಇಂಥ ನೋಟಿಸು ಬಂದವರು ಡಿಸ್ಕು ಬದಲಿಸುವ ಈ ಒಂದು ಕ್ರಮವನ್ನು ಬಿಡಬಾರದು.

ಹಾಕಿದ್ದು ಲಿನಕ್ಸ್ ಮಿಂಟ್ 22, ಎಕ್ಸ್‌ಎಫ್‌ಸಿಇ ಆವೃತ್ತಿ. ಅದರ ಬುನಾದಿ ಉಬುಂಟು 24.04, ಬೆಂಬಲ 2029ರವರೆಗೆ. ಹಾಕುವುದು ಒಂದು ಯಂತ್ರಕ್ಕೆ ಅರ್ಧ ಗಂಟೆಯ ಕೆಲಸ, ಅದರಲ್ಲಿ ಹೇಳುವಂಥದೇನೂ ಇಲ್ಲ. ಕೀಲಿಮಣೆಗೆ ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶಗಳನ್ನು ಹಾಕಿ ಕನ್ನಡದ ಕೆಜಿಪಿ ವಿನ್ಯಾಸ ಆರಿಸಿದರೆ ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸ ಪಾಠ ಬೇಕಾಗುವುದಿಲ್ಲ.

ತೊಡಕು ಎದ್ದದ್ದು ಪ್ರಿಂಟರಿನಲ್ಲಿ. ಎಚ್‌ಪಿ ಲೇಸರ್‌ಜೆಟ್ 1020 ತನ್ನ ಫರ್ಮ್‌ವೇರನ್ನು, ಅಂದರೆ ತನ್ನನ್ನು ನಡೆಸುವ ಒಳ ತಂತ್ರಾಂಶವನ್ನು, ತಾನು ಇಟ್ಟುಕೊಳ್ಳುವುದಿಲ್ಲ. ಪ್ರತಿ ಸಲ ಕರೆಂಟು ಹೋಗಿ ಬಂದಾಗ ಕಂಪ್ಯೂಟರು ಅದನ್ನು ಮತ್ತೆ ಕಳಿಸಬೇಕು. ಎಚ್‌ಪಿಲಿಪ್ ಎಂಬ ಚಾಲಕ ತಂತ್ರಾಂಶದ ಜೊತೆಗೆ ಅದರ ಮುಚ್ಚಿದ ಪ್ಲಗಿನ್ನನ್ನೂ ಹಾಕದಿದ್ದರೆ ಪ್ರಿಂಟರಿನ ದೀಪ ಉರಿಯುತ್ತದೆ, ಕಾಗದ ಹೊರಬರುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಲ್ಲಿ ಇದು ಸಣ್ಣ ಮಾತಲ್ಲ. ಇನ್ನೊಂದು ಕ್ಯಾನನ್ ಎಲ್‌ಬಿಪಿ 2900. ಅದು ಕ್ಯಾಪ್ಟ್ ಎಂಬ ಸ್ವಂತ ಭಾಷೆಯಲ್ಲಷ್ಟೇ ಮಾತಾಡುತ್ತದೆ. ಅದನ್ನು ಲಿನಕ್ಸಿಗೆ ಹೊಂದಿಸಲು ಎರಡು ದಿನ ಕಳೆದ ಮೇಲೆ ವಿಂಡೋಸ್ ಯಂತ್ರಕ್ಕೇ ಜೋಡಿಸಿ, ನೆಟ್‌ವರ್ಕಿನ ಫೋಲ್ಡರಿಗೆ ಪಿಡಿಎಫ್ ಹಾಕಿ ಅಲ್ಲಿಂದ ತೆಗೆಯುವ ರೂಢಿ ಮಾಡಿದರು. ಎರಡು ದಿನ ಕಳೆಯುವ ಅಗತ್ಯವಿರಲಿಲ್ಲ.

ಹಳೆಯ ಫೈಲುಗಳು

ಇಲ್ಲಿಯವರೆಗಿನದು ಮೂರು ವಾರದ ಕೆಲಸ. ಪ್ರೆಸ್ಸನ್ನು ನಿಜವಾಗಿ ಕಟ್ಟಿಹಾಕಿದ್ದು ಹದಿನೈದು ವರ್ಷದ ಫೈಲುಗಳು: ಹತ್ತಿರ ಹತ್ತಿರ ನಾಲ್ಕು ಸಾವಿರ, ಬಹುಪಾಲು ಪೇಜ್‌ಮೇಕರಿನವು, ಹೆಚ್ಚಿನವು ನುಡಿಯ ಹಳೆಯ ಫಾಂಟುಗಳಲ್ಲಿ, ಉಳಿದವು ಶ್ರೀಲಿಪಿಯಲ್ಲಿ. ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ, ಅದರ ಮುಂದೆ ಎಂಟನೆಯ ಆವೃತ್ತಿ ಬರಲೇ ಇಲ್ಲ. ಯೂನಿಕೋಡ್, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಯಂತ್ರಗಳಲ್ಲೂ ಒಂದೇ ಸಂಕೇತ ಕೊಡುವ ಪದ್ಧತಿಯ ಕನ್ನಡ ಅದಕ್ಕೆ ಗೊತ್ತಿಲ್ಲ. ಈಗ ಇಕ್ಕಟ್ಟು ನೋಡಿ: ತಮ್ಮ ಆಪರೇಟರು ಕೂತು ಟೈಪು ಮಾಡಿದ, ತಮ್ಮದೇ ಆದ ಪುಟವನ್ನು ತೆರೆಯಬೇಕಾದರೆ ಮತ್ತೆ ಆ ಕಳ್ಳ ಪ್ರತಿಯನ್ನೇ ಓಡಿಸಬೇಕು. ಓಡಿಸಿದರೆ ಅದು 63ಬಿ.

ದಾರಿ ತೆರೆದದ್ದು ಮುಕ್ತ ತಂತ್ರಾಂಶದ ಲೋಕ. ಮುಚ್ಚಿದ ಫೈಲು ರೂಪಗಳನ್ನು ಬಿಡಿಸಿ ಓದುವ ಪ್ರೋಗ್ರಾಮು ತುಣುಕುಗಳನ್ನು (ಲೈಬ್ರರಿ) ಕಟ್ಟುವುದನ್ನೇ ಕೆಲಸ ಮಾಡಿಕೊಂಡ ಡಾಕ್ಯುಮೆಂಟ್ ಲಿಬರೇಷನ್ ಪ್ರಾಜೆಕ್ಟ್ ಎಂಬುದೊಂದಿದೆ. ಅಲ್ಲಿಯ ಲಿಬ್‌ಪೇಜ್‌ಮೇಕರ್ ಲಿಬ್ರೆ ಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶದೊಳಗೆ 4.4ನೆಯ ಆವೃತ್ತಿಯಿಂದ, ಅಂದರೆ 2015ರಿಂದ ಇದೆ. ಕೋರೆಲ್‌ಡ್ರಾ ಫೈಲು ಓದುವ ಲಿಬ್‌ಸಿಡಿಆರ್ ಇನ್ನೂ ಹಳೆಯದು. ಬೇರೆಯವರ ತಂತ್ರಾಂಶದೊಡನೆ ಹೊಂದಿ ನಡೆಯಲು ಬೇಕಾದ ಮಾಹಿತಿಯನ್ನು ಬಿಡಿಸಿ ತಿಳಿಯುವುದು ಕದ್ದ ಹಾಗಲ್ಲ ಎಂಬುದನ್ನು ಭಾರತದ ಕಾಯ್ದೆಯೂ ಒಪ್ಪುತ್ತದೆ. ಪ್ರೋಗ್ರಾಮನ್ನು ನ್ಯಾಯವಾಗಿ ಹೊಂದಿದವರು, ಆ ಮಾಹಿತಿ ಬೇರೆ ಕಡೆ ಸುಲಭವಾಗಿ ಸಿಗದಿದ್ದಾಗ ಹಾಗೆ ಮಾಡಬಹುದೆಂದು ಕಲಂ 52(1)(ಎಬಿ) ಹೇಳುತ್ತದೆ. ಹಿಂದಿನ (ಎಎ) ಉಪಕಲಂ ಬ್ಯಾಕಪ್ ಪ್ರತಿಗೆ ಅವಕಾಶ ಕೊಡುತ್ತದೆ. ಆದರೆ ಒಂದು ಪರವಾನಗಿಯನ್ನು ಏಳು ಯಂತ್ರಕ್ಕೆ ಹಂಚಲು ಅದನ್ನು ನೆಪ ಮಾಡಿಕೊಳ್ಳುವ ಹಾಗಿಲ್ಲ.

ಲಿಬ್ರೆ ಆಫೀಸ್ ಡ್ರಾನಲ್ಲಿ ಪೇಜ್‌ಮೇಕರ್ ಫೈಲು ತೆರೆದಾಗ ಅಕ್ಷರ ಬಂತು, ವಿನ್ಯಾಸ ಅರ್ಧ ಬಂತು. ಅಕ್ಷರ ಅಂದರೂ ಕನ್ನಡವಾಗಿ ಬರಲಿಲ್ಲ. ಇದೇಕೆ ಎಂದು ತಿಳಿಯದೆ ಮುಂದಿನದು ಅರ್ಥವಾಗದು, ಹಾಗಾಗಿ ಒಂದು ಶಬ್ದವನ್ನು ಹತ್ತಿರದಿಂದ ನೋಡೋಣ.

‘ಕನ್ನಡ’ ಎಂಬುದು ಯೂನಿಕೋಡಿನಲ್ಲಿ ಐದು ಸಂಕೇತ: ಕ, ನ, ವಿರಾಮ ಚಿಹ್ನೆ, ನ, ಡ. ನುಡಿಯ ಹಳೆಯ ಫಾಂಟಿನಲ್ಲಿ ಇದೇ ಶಬ್ದ ಏಳು ತುಂಡು, ಯಾಕೆಂದರೆ ಅಲ್ಲಿ ಸಂಕೇತ ಇರುವುದು ಆಕಾರಕ್ಕೆ. ತಲೆಕಟ್ಟಿಲ್ಲದ ಕ ಇಂಗ್ಲಿಷಿನ ದೊಡ್ಡ ‘ಪಿ’ ಕೂರುವ ಮನೆಯಲ್ಲಿದೆ, ತಲೆಕಟ್ಟು ಬೇರೆ ಮನೆಯಲ್ಲಿ. ನ, ಮತ್ತೆ ತಲೆಕಟ್ಟು, ಆಮೇಲೆ ನ ಒತ್ತು, ಡ, ಮತ್ತೆ ತಲೆಕಟ್ಟು. ಫಾಂಟು ಇದ್ದರೆ ಕಣ್ಣಿಗೆ ಕನ್ನಡ, ಫಾಂಟು ತೆಗೆದರೆ ಯುರೋಪಿನ ಅಕ್ಷರಗಳ ರಾಶಿ. ‘ಲಿ’ ಇರುವುದು ಡಿಗ್ರಿ ಚಿಹ್ನೆಯ ಮನೆಯಲ್ಲಿ. ‘ಬಿ’ ಇರುವುದು ಕೃತಿಸ್ವಾಮ್ಯದ ಚಿಹ್ನೆಯ ಮನೆಯಲ್ಲಿ, ವೃತ್ತದೊಳಗಿನ ಸಿ ಇದೆಯಲ್ಲ, ಅದು. ಹಾಗಾಗಿ ಬೀದರ್ ಎಂಬ ಊರಿನ ಹೆಸರು ಹಳೆಯ ಫೈಲುಗಳಲ್ಲೆಲ್ಲ ಆ ಚಿಹ್ನೆಯಿಂದಲೇ ಶುರುವಾಗುತ್ತದೆ.

ಇದನ್ನು ಯೂನಿಕೋಡಿಗೆ ತರುವ ಮುಕ್ತ ಸ್ಕ್ರಿಪ್ಟುಗಳು, ಅಂದರೆ ಸಣ್ಣ ಪ್ರೋಗ್ರಾಮುಗಳು, ಇವೆ. ಪ್ರೆಸ್ಸಿನವರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದನ್ನು ತೆಗೆದುಕೊಂಡರು. ಮೊದಲ ದಿನವೇ ಆಪರೇಟರು ಬಂದು ಹೇಳಿದ್ದು, ‘ಸಾವ್ಕಾರ್ರೆ, ಅರ್ಕಾವತ್ತೆಲ್ಲಾ ಮುಂದಿನ ಅಕ್ಷರಕ್ಕ ಹೋಗಿ ಕುಂತಾವ.’ ಕಾರಣ ಇದು: ‘ಧರ್ಮ’ ಶಬ್ದದಲ್ಲಿ ಯೂನಿಕೋಡು ಉಚ್ಚಾರದ ಕ್ರಮ ಹಿಡಿದು ರ್ ಮೊದಲು, ಮ ಆಮೇಲೆ ಇಡುತ್ತದೆ. ಹಳೆಯ ಫೈಲಿನಲ್ಲಿ ಕಣ್ಣಿಗೆ ಕಾಣುವ ಕ್ರಮ: ಧ, ಮ, ಅದರ ಮುಂದೆ ಅರ್ಕಾವತ್ತು. ಪರಿವರ್ತಕ ಅರ್ಕಾವತ್ತನ್ನು ಕಂಡಾಗ ಹಿಂದಿನ ಇಡೀ ಅಕ್ಷರವನ್ನು, ಅದರ ಒತ್ತು ಮತ್ತು ಸ್ವರ ಸಮೇತ ದಾಟಿ ಹಿಂದಕ್ಕೆ ಹೋಗಿ ರ್ ಇಡಬೇಕು. ಹಾಗೆ ದಾಟದಿದ್ದರೆ ರ್ ಇದ್ದಲ್ಲೇ ಉಳಿದು ಮುಂದಿನ ಅಕ್ಷರದ ಮೇಲೇರುತ್ತದೆ. ಎರಡನೆಯ ತೊಡಕು ‘ಮ’. ಹಳೆಯ ಫಾಂಟಿನಲ್ಲಿ ಮ ಎಂದರೆ ವ, ತಲೆಕಟ್ಟು, ಅದರ ಮೇಲೊಂದು ಕೊಂಬು. ಆ ಕೊಂಬೇ ‘ಕು’ವಿನಲ್ಲಿ ಉಕಾರ. ಅಕ್ಷರಕ್ಕೆ ಅಕ್ಷರ ಬದಲಿಸುವ ಪರಿವರ್ತಕ ‘ಮನೆ’ಯನ್ನು ‘ವುನೆ’ ಮಾಡಿಬಿಡುತ್ತದೆ. ‘ಯ’ ಇನ್ನೂ ಉದ್ದ, ನಾಲ್ಕು ತುಂಡು, ಮೊದಲ ತುಂಡು ಸೊನ್ನೆಯದೇ ಮನೆ. ಆದ್ದರಿಂದ ಉದ್ದನೆಯ ಜೋಡಣೆಗಳನ್ನು ಮೊದಲು ಹಿಡಿದು ಬದಲಿಸಬೇಕು, ಬಿಡಿ ತುಂಡುಗಳನ್ನು ಕೊನೆಗೆ. ‘ರ‍್ಯಾಲಿ’ಯಂಥ ಶಬ್ದ ಬಂದಾಗ ಅರ್ಕಾವತ್ತು ಆಗಕೂಡದು. ಅಲ್ಲಿ ರ ಆದ ಮೇಲೆ ಕಣ್ಣಿಗೆ ಕಾಣದ ಜೋಡಕ ಸಂಕೇತ ಹಾಕಿ, ಆಮೇಲೆ ವಿರಾಮ ಮತ್ತು ಯ. ಚುನಾವಣೆಯ ಕರಪತ್ರ ಮಾಡುವ ಪ್ರೆಸ್ಸಿಗೆ ಈ ಒಂದು ಶಬ್ದ ಸಾವಿರ ಸಲ ಬರುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಕನ್ನಡದ ನಡುವಿನ ಇಂಗ್ಲಿಷು. ಪಠ್ಯವನ್ನು ಫಾಂಟಿನ ಗುರುತಿಲ್ಲದೆ ಬರೀ ಅಕ್ಷರವಾಗಿ ತೆಗೆದರೆ ಪರಿವರ್ತಕಕ್ಕೆ ಯಾವುದು ಕನ್ನಡ, ಯಾವುದು ಇಂಗ್ಲಿಷು ಎಂದು ತಿಳಿಯುವುದಿಲ್ಲ. ತಾಪಮಾನ ಬರೆದ ಕರಪತ್ರವೊಂದರಲ್ಲಿ 44 ಆದ ಮೇಲೆ ಡಿಗ್ರಿ ಚಿಹ್ನೆ ಮತ್ತು ದೊಡ್ಡ ಸಿ ಇತ್ತು, ಪರಿವರ್ತನೆಯಾದಾಗ ಅದು ‘44ಲಿಅ’ ಆಗಿ ಕೂತಿತ್ತು. ಇಮೇಲ್ ವಿಳಾಸಗಳ ಗತಿಯೂ ಇದೇ. ಪರಿಹಾರ ಒಂದೇ: ಪಠ್ಯವನ್ನು ಲಿಬ್ರೆ ಆಫೀಸಿನ ಓಡಿಟಿ ರೂಪದಲ್ಲಿ ಉಳಿಸಿ, ಅದರೊಳಗೆ ನುಡಿ ಫಾಂಟು ಹಚ್ಚಿದ ತುಣುಕುಗಳನ್ನು ಮಾತ್ರ ಬದಲಿಸುವುದು. ಓಡಿಟಿ ಎಂದರೆ ಜಿಪ್ ಮಾಡಿದ ಎಕ್ಸ್‌ಎಂಎಲ್, ಬಿಚ್ಚಿದರೆ ಎಲ್ಲ ಓದಲು ಬರುತ್ತದೆ. ರೂಪ ಮುಕ್ತವಾಗಿರುವುದರ ಬೆಲೆ ಇಂಥಲ್ಲಿ ಕೈಗೆ ಸಿಗುತ್ತದೆ.

ತಪ್ಪು ಹುಡುಕಲು ಇಡೀ ಪುಟ ಓದುತ್ತ ಕೂರಲಿಲ್ಲ. ಪರಿವರ್ತಿತ ಪಠ್ಯದ ಎಲ್ಲ ಶಬ್ದಗಳನ್ನು ಒಂದು ಪಟ್ಟಿ ಮಾಡಿ, ಒಂದೇ ಸಲ ಬಂದವನ್ನು ಬೇರೆ ತೆಗೆದು ನೋಡಿದರು. ಕೆಟ್ಟ ಶಬ್ದಗಳು ಬಹುಪಾಲು ಅಲ್ಲೇ ಸಿಗುತ್ತವೆ. ಎರಡು ಸ್ವರಚಿಹ್ನೆ ಒಟ್ಟಿಗೆ ಬಂದ ಕಡೆ, ಕನ್ನಡಕ್ಕೆ ಅಂಟಿಕೊಂಡು ಇಂಗ್ಲಿಷ್ ಅಕ್ಷರ ಬಂದ ಕಡೆ, ಚುಕ್ಕೆಗಳ ವೃತ್ತ ಕಾಣುವ ಕಡೆ ಹುಡುಕಿದರು. ಪರೀಕ್ಷೆಗೆ ರಾಷ್ಟ್ರ, ಸ್ತ್ರೀ, ಲಕ್ಷ್ಮಿ, ಕಾರ್ಯ, ವೈಶಿಷ್ಟ್ಯ, ಝರಿ ಇಂಥ ಶಬ್ದಗಳ ಒಂದು ಪುಟ ಇಟ್ಟುಕೊಂಡು, ಸ್ಕ್ರಿಪ್ಟು ತಿದ್ದಿದಾಗಲೆಲ್ಲ ಮೊದಲು ಅದರ ಮೇಲೆ ಓಡಿಸಿದರು.

ನಾಲ್ಕು ಸಾವಿರವನ್ನೂ ಬದಲಿಸಲು ಕೂತಿದ್ದರೆ ವರ್ಷ ಸಾಲುತ್ತಿರಲಿಲ್ಲ. ವರ್ಷ ವರ್ಷ ಮರಳಿ ಬರುವ ಕೆಲಸಗಳು ಮುನ್ನೂರು ಚಿಲ್ಲರೆ: ಶಾಲೆಗಳ ನಮೂನೆ, ಗಂಜಿನ ಅಡತಿ ಅಂಗಡಿಗಳ ಬಿಲ್ ಬುಕ್ಕು, ಮಠದ ಸಂಚಿಕೆ, ಜಾತ್ರೆಯ ಕರಪತ್ರ. ಅವನ್ನು ಮೊದಲು ಮಾಡಿದರು. ಉಳಿದದ್ದು ಗಿರಾಕಿ ಕೇಳಿದಾಗ.

ಪುಟ ಕಟ್ಟುವುದು, ಪ್ಲೇಟಿಗೆ ಕಳಿಸುವುದು

ಪೇಜ್‌ಮೇಕರಿನ ಜಾಗಕ್ಕೆ ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶ. 1.4 ಸಾಲಿನ ಹಳೆಯ ಸ್ಕ್ರೈಬಸ್‌ನಲ್ಲಿ ಕನ್ನಡದ ಒತ್ತು ಸರಿಯಾಗಿ ಕೂರುತ್ತಿರಲಿಲ್ಲ, ಅದನ್ನು ನೋಡಿ ಕೈಬಿಟ್ಟವರು ಬಹಳ. 2024ರಲ್ಲಿ ಬಂದ 1.6ರಲ್ಲಿ ಆ ತೊಂದರೆ ಇಲ್ಲ. ಸಿಎಂವೈಕೆ (ಅಚ್ಚಿನ ನಾಲ್ಕು ಬಣ್ಣ: ತಿಳಿನೀಲಿ, ಕಡುಗುಲಾಬಿ, ಹಳದಿ, ಕಪ್ಪು), ವಿಶೇಷ ಬಣ್ಣ, ಅಚ್ಚಿಗೆಂದೇ ಇರುವ ಪಿಡಿಎಫ್ ಎಕ್ಸ್ ಎಲ್ಲ ಇದೆ.

ಮೊದಲ ಬಣ್ಣದ ಕೆಲಸ ಹಾಳಾಯಿತು. ಸ್ಮರಣ ಸಂಚಿಕೆಯ ಒಳಪುಟಗಳನ್ನು ಲಿಬ್ರೆ ಆಫೀಸ್ ರೈಟರಿನಿಂದ ನೇರವಾಗಿ ಪಿಡಿಎಫ್ ಮಾಡಿ ಕಳಿಸಿದ್ದರು. ಅಲ್ಲಿ ಕಪ್ಪು ಅಂದರೆ ಪರದೆಯ ಕಪ್ಪು, ಆರ್‌ಜಿಬಿ. ಪ್ಲೇಟು ಮಾಡುವಲ್ಲಿ ಅದು ನಾಲ್ಕು ಬಣ್ಣಕ್ಕೆ ಒಡೆಯಿತು. ಹತ್ತು ಪಾಯಿಂಟಿನ ಕನ್ನಡ ಅಕ್ಷರ ನಾಲ್ಕು ಪ್ಲೇಟಿನಿಂದ ಬಿದ್ದು, ಕೂದಲೆಳೆಯಷ್ಟು ಜರುಗಿದರೂ ಒತ್ತುಗಳ ಸುತ್ತ ಕೆಂಪು, ನೀಲಿ ಅಂಚು. ಅಷ್ಟೂ ಕಾಗದ ಹೋಯಿತು. ಆಮೇಲಿನ ನಿಯಮ: ಪ್ಲೇಟಿಗೆ ಹೋಗುವುದು ಸ್ಕ್ರೈಬಸ್‌ನಿಂದ ಮಾತ್ರ, ಅಕ್ಷರದ ಬಣ್ಣ ಸಿಎಂವೈಕೆಯಲ್ಲಿ ಸೊನ್ನೆ, ಸೊನ್ನೆ, ಸೊನ್ನೆ, ನೂರು, ಓವರ್‌ಪ್ರಿಂಟ್ (ಕೆಳಗಿನ ಬಣ್ಣದ ಮೇಲೆಯೇ ಅಚ್ಚು) ಆನ್. ಕಳಿಸುವ ಮೊದಲು ಮುದ್ರಣ ಮುನ್ನೋಟದಲ್ಲಿ ಒಂದೊಂದೇ ಪ್ಲೇಟನ್ನು ಬಿಡಿಸಿ ನೋಡಬೇಕು. ಕಪ್ಪು ಬಿಟ್ಟು ಉಳಿದ ಮೂರರಲ್ಲಿ ಅಕ್ಷರ ಕಾಣಬಾರದು. ಫಾಂಟುಗಳನ್ನು ರೇಖೆಯಾಗಿ ಬದಲಿಸಿ ಕಳಿಸಿದರೆ ಆ ಕಡೆಯವರ ಯಂತ್ರದಲ್ಲಿ ಒತ್ತು ಚದುರುವ ಭಯವಿಲ್ಲ.

ಫಾಂಟಿನಲ್ಲಿ ನಷ್ಟ ಆಗಿದೆ, ಮುಚ್ಚಿಡುವುದು ಬೇಡ. ಪಠ್ಯಕ್ಕೆ ನೋಟೊ ಸೆರಿಫ್ ಕನ್ನಡ, ಲೋಹಿತ್, ಗುಬ್ಬಿ ಸಾಕು. ತಲೆಬರಹಕ್ಕೆ ಬಾಲೂ ತಮ್ಮ, ಅನೇಕ್ ಕನ್ನಡ ಚೆನ್ನಾಗಿವೆ. ಆದರೆ ಲಗ್ನಪತ್ರಿಕೆಗೆ ಗಿರಾಕಿ ಕೇಳುವ ಬಳುಕು ಅಕ್ಷರಗಳು ಮುಕ್ತ ಪರವಾನಗಿಯಲ್ಲಿ ಕಡಿಮೆ. ಅದಕ್ಕೆ ಒಂದು ಯಂತ್ರದ ಮಟ್ಟಿಗೆ ಫಾಂಟು ಕೊಂಡದ್ದೇ ಸರಿಯಾದ ದಾರಿ. ನೋಟೊ, ಲೋಹಿತ್ ಫಾಂಟುಗಳ ಪರವಾನಗಿ ಓಎಫ್‌ಎಲ್ (ಓಪನ್ ಫಾಂಟ್ ಲೈಸೆನ್ಸ್): ಮುದ್ರಿಸಿ ಮಾರಬಹುದು, ಪಿಡಿಎಫ್‌ನಲ್ಲಿ ಸೇರಿಸಬಹುದು, ಎಷ್ಟು ಯಂತ್ರಕ್ಕಾದರೂ ಹಾಕಬಹುದು. ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ.

ಮುಕ್ತ ಎಂದರೆ ನಿಯಮವೇ ಇಲ್ಲ ಎಂದು ತಿಳಿದವರು ಇನ್ನೂ ಇದ್ದಾರೆ. ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಕೆಳಗಿನ ತಂತ್ರಾಂಶವನ್ನು ಪ್ರೆಸ್ಸು ತನ್ನ ಕೆಲಸಕ್ಕೆ ಎಷ್ಟು ಬಳಸಿದರೂ, ತಿದ್ದಿಕೊಂಡರೂ ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಬೇರೆಯವರಿಗೆ ಕೊಟ್ಟ ಗಳಿಗೆಯಿಂದ ಹೊಣೆ ಶುರು. ತಿದ್ದಿದ ಪರಿವರ್ತಕವನ್ನು ಯಾದಗಿರಿಯ ಮತ್ತು ಬೀದರಿನ ಪರಿಚಯದ ಪ್ರೆಸ್ಸುಗಳು ಕೇಳಿದಾಗ ಮಾಲೀಕರು ಪೆನ್ ಡ್ರೈವಿನಲ್ಲಿ ಕೊಟ್ಟರು. ಸ್ಕ್ರಿಪ್ಟು ಆದ್ದರಿಂದ ಮೂಲ ಸಂಕೇತ ತಾನಾಗಿಯೇ ಹೋಯಿತು. ಮೂಲ ಬರೆದವರ ಕೃತಿಸ್ವಾಮ್ಯದ ಸಾಲು, ಪರವಾನಗಿಯ ಪೂರ್ತಿ ಪಠ್ಯ, ತಾವು ಏನು ತಿದ್ದಿದ್ದೇವೆ ಎಂಬ ಟಿಪ್ಪಣಿ ಕೂಡ ಹೋಗಬೇಕಿತ್ತು. ಮೊದಲ ಸಲ ಅವು ಹೋಗಿರಲಿಲ್ಲ, ಆಮೇಲೆ ಸೇರಿಸಿ ಕಳಿಸಿದರು. ಹಾಕಿಕೊಟ್ಟ ಕೆಲಸಕ್ಕೆ ಕೂಲಿ ತೆಗೆದುಕೊಳ್ಳಲು ಪರವಾನಗಿಯ ಅಡ್ಡಿ ಇಲ್ಲ.

ನೋಟಿಸಿನ ವಿಷಯ ಎರಡು ತಿಂಗಳಿಗೆ ಬಗೆಹರಿಯಿತು. ಐದು ಯಂತ್ರದ ಲೆಕ್ಕವನ್ನು ವಕೀಲರ ಮೂಲಕ ಮುಂದಿಟ್ಟು, ಒಂದು ಪರವಾನಗಿ ಕೊಂಡ ಬಿಲ್ಲು ತೋರಿಸಿ, ಹಿಂದಿನ ಬಳಕೆಗೆ ಒಂದು ಮೊತ್ತಕ್ಕೆ ಮಾತಾಯಿತು. ಹಣ ಕಟ್ಟುವ ಮೊದಲು ಒಪ್ಪಂದ ಪತ್ರದಲ್ಲಿ ವಕೀಲರು ಮೂರು ಸಾಲು ಸೇರಿಸಿಕೊಂಡರು: ಇಂತಿಂಥ ಸಂಖ್ಯೆಯ ಯಂತ್ರಗಳ ಇಂತಿಂಥ ದಿನಾಂಕದವರೆಗಿನ ಬಳಕೆಗೆ ಸಿವಿಲ್, ಕ್ರಿಮಿನಲ್ ಯಾವ ದಾವೆಯೂ ಹೂಡುವುದಿಲ್ಲ, ಈ ಪಾವತಿ ತಪ್ಪೊಪ್ಪಿಗೆಯಲ್ಲ, ಪರಿಶೀಲನೆಗೆ ಬರುವುದಿದ್ದರೆ ಬರಹದ ಮುನ್ಸೂಚನೆ ಬೇಕು. ಬರೀ ರಸೀದಿ ತೆಗೆದುಕೊಂಡು ಬಂದಿದ್ದರೆ ಇವು ಯಾವುವೂ ಕೈಯಲ್ಲಿರುತ್ತಿರಲಿಲ್ಲ.

ಪತ್ರಕ್ಕೆ ಸಹಿ ಬಿದ್ದ ಮೇಲೆ ಕಪಾಟಿನ ಐದು ಡಿಸ್ಕುಗಳನ್ನು ತೆಗೆದು, ಫೈಲುಗಳೆಲ್ಲ ನಕಲಾಗಿವೆಯೇ ಎಂದು ಇನ್ನೊಮ್ಮೆ ತಾಳೆ ನೋಡಿ, ಪೂರ್ತಿ ಅಳಿಸಿ ಬ್ಯಾಕಪ್ಪಿಗೆ ಬಳಸತೊಡಗಿದ್ದಾರೆ. ನೋಟ್ ಬುಕ್ಕಿನ ಏಳು ಪುಟಗಳ ಮುಂದೆ ಈಗ ಎಂಟನೆಯದು ಶುರುವಾಗಿದೆ, ಪರಿವರ್ತನೆಯಾದ ಫೈಲುಗಳ ಪಟ್ಟಿ. ಶ್ರೀಲಿಪಿಯಲ್ಲಿರುವ ಆರುನೂರು ಚಿಲ್ಲರೆ ಫೈಲುಗಳ ಸಂಕೇತ ನುಡಿಯದಕ್ಕಿಂತ ಬೇರೆ. ಅವಕ್ಕೆ ಬೇರೆಯೇ ಕೋಷ್ಟಕ ಬೇಕು, ಆಪರೇಟರು ಒತ್ತಕ್ಷರಗಳಿಂದ ಅದನ್ನು ಬರೆಯಲು ಕೂತಿದ್ದಾರೆ.